ನೋಟು ಒಲ್ಲದ ಅತ್ತೆ

ನಮ್ಮ ಅತ್ತೆಯ ಎಡಗಿವಿಯಲ್ಲಿ ಮುತ್ತಿನ ಬುಗುಡಿ ಇತ್ತು, ಬಲಗಿವಿಯಲ್ಲಿ ಇರಲಿಲ್ಲ. ಹೊಸದಾಗಿ ನೋಡಿದವರು ಒಂದು ಎಲ್ಲೋ ಕಳೆದುಹೋಗಿರಬೇಕು ಎಂದುಕೊಳ್ಳುತ್ತಿದ್ದರು. ಮದುವೆಯಾಗಿ ಹೊಳಲ್ಕೆರೆಗೆ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡು, ಹುಡುಕಿಕೊಟ್ಟು ಒಳ್ಳೆಯ ಸೊಸೆ ಎನಿಸಿಕೊಳ್ಳೋಣ ಎಂದು ಮಂಚದ ಕೆಳಗೆಲ್ಲ ಕೈಯಾಡಿಸಿದ್ದೆ. ಅದು ಕಳೆದಿರಲಿಲ್ಲ, ಪೆಟ್ಟಿಗೆಯಲ್ಲೇ ಇತ್ತು. ಅಸಲೋ ಖೋಟಾವೋ ತಿಳಿಯಲು ರೂಪಾಯಿಯನ್ನು ಹೆಬ್ಬೆರಳ ಉಗುರಿನಿಂದ ಚಿಮ್ಮಿ ಬಲಗಿವಿಯ ಹತ್ತಿರ ಹಿಡಿದು ಕೇಳುವಾಗ ಬುಗುಡಿಯ ಸದ್ದು ಅಡ್ಡ ಬರುತ್ತದೆ ಎಂದು ಅವರೇ ತೆಗೆದಿಟ್ಟಿದ್ದರು. ಹಬ್ಬಕ್ಕೂ ಹಾಕುತ್ತಿರಲಿಲ್ಲ.

ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ ಅವರು ನಾಣ್ಯ ಕೇಳುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ರಾಣಿಯ ಮುಖದ ರೂಪಾಯಿ ಅವರಿಗೆ ಇಷ್ಟ. ಆಮೇಲೆ ಬಂದ ಬೋಳುತಲೆಯ ರಾಜನ ರೂಪಾಯಿ ಅಷ್ಟಕ್ಕಷ್ಟೆ. ಕಿರೀಟ ಹಾಕಿಕೊಳ್ಳದವನು ರಾಜ ಹೇಗಾದ ಎಂದು ಕೇಳುತ್ತಿದ್ದರು. ಆದರೂ ಬೆಳ್ಳಿ ಬೆಳ್ಳಿಯೇ ಎಂದು ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ತೊಲದ ತೂಕ ಎಂದರೆ ರೂಪಾಯಿಯೇ. ಬಾಣಂತಿ ಮದ್ದಿಗೆ ಹಿಪ್ಪಲಿ ತೂಗುವುದಕ್ಕೂ ಅದೇ, ಅಕ್ಕಸಾಲಿಯ ಮುಂದೆ ಬಂಗಾರ ಇಡುವಾಗಲೂ ಅದೇ. ಸರ್ಕಾರದವರು ಮಾಡುವುದು ಬರೀ ಛಾಪು, ಬೆಳ್ಳಿಯನ್ನು ಮಾಡಿದವನು ಶಿವ ಎಂಬುದು ಅವರ ಹಣಕಾಸಿನ ಶಾಸ್ತ್ರ. ಅದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಪ್ರೀತಿ ತೋರಿಸುವ ಹೆಂಗಸಲ್ಲ. ಬೆಲ್ಲದ ಅಚ್ಚನ್ನು ಬೀಗದಲ್ಲಿಟ್ಟು, ನಾನು ಒಂದು ಚೂರು ಕೇಳಿದರೆ ಯಾತಕ್ಕೆ ಎಂದು ವಿಚಾರಿಸಿ ಕೊಡುತ್ತಿದ್ದರು. ನಾನು ದುರ್ಗದಲ್ಲಿ ಕೋಟೆಯ ಕೆಳಗೆ ಬೆಳೆದವಳು, ಅಪ್ಪ ಮೇಷ್ಟರು, ನನಗೆ ಓದು ಬರುತ್ತಿತ್ತು. ಅತ್ತೆಗೆ ಅದೇನೂ ದೊಡ್ಡದಲ್ಲ. ಓದೋಳು ಅಂತ ರೊಟ್ಟಿ ತಾನೇ ಬೇಯಲ್ಲ ಎಂದು ಮೊದಲ ವಾರವೇ ಹೇಳಿಬಿಟ್ಟಿದ್ದರು. ಮಾವನವರದು ಪೇಟೆಯಲ್ಲಿ ತುಪ್ಪದ ಅಂಗಡಿ. ನನ್ನ ಯಜಮಾನರು ಬೆಣ್ಣೆ ಕೊಳ್ಳಲು ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ಸುತ್ತುತ್ತಿದ್ದರು. ಈ ಕತೆಯಲ್ಲಿ ಅವರ ಪಾಲು ಅಷ್ಟೇ.

ನಮ್ಮ ಕೇರಿಯ ಹೆಂಗಸರು ಕೈಗಂಟನ್ನು ಇಡುತ್ತಿದ್ದುದು ಅತ್ತೆಯ ಹತ್ತಿರ. ಹಾಲು ಮಾರಿದ್ದು, ನೂಲು ತೆಗೆದದ್ದು, ತವರಿನಿಂದ ಅಣ್ಣ ಕೊಟ್ಟುಹೋದದ್ದು, ಗಂಡನಿಗೆ ಗೊತ್ತಾದರೆ ಉಳಿಯದ ದುಡ್ಡೆಲ್ಲ ನಮ್ಮ ಹುರುಳಿಯ ವಾಡೆಯೊಳಗೆ ಹೋಗುತ್ತಿತ್ತು. ಕಾಳು ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ. ಅವರವರ ಹಳೆಯ ಸೀರೆಯ ಚೂರಿನಲ್ಲೇ ಅವರವರ ಗಂಟು, ಬರೆದಿಡುವ ಮಾತೇ ಇರಲಿಲ್ಲ. ಬಟ್ಟೆ ನೋಡಿದರೆ ಯಾರದೆಂದು ಅತ್ತೆಗೆ ಗೊತ್ತು. ದುಡ್ಡು ಇಡುವವರೂ ಬಿಡಿಸಿಕೊಳ್ಳುವವರೂ ಒಂದು ಬಟ್ಟಲು ಹಿಡಿದು ಮೊಸರಿಗೆ ಹೆಪ್ಪು ಬೇಕಿತ್ತು ಎಂದು ಬರುತ್ತಿದ್ದರು. ಇಡೀ ಕೇರಿಯ ಮೊಸರು ನಮ್ಮ ಮನೆಯ ಹೆಪ್ಪಿನಿಂದಲೇ ಆಗುತ್ತದೆ ಎಂದು ಗಂಡಸರು ನಂಬಿದ್ದರು. ನನ್ನ ತವರಿನ ದುಡ್ಡೂ ಅದೇ ವಾಡೆಯಲ್ಲಿತ್ತು. ಸೊಸೆಯದು ಎಂದು ಅತ್ತೆ ಅದನ್ನು ಒಂದು ದಿನವೂ ಮುಟ್ಟಿದವರಲ್ಲ.

ಪಕ್ಕದ ಮನೆಯವಳೂ ಬರುತ್ತಿದ್ದಳು. ಅವಳ ಗಂಡ ಬಾಡಿಗೆ ಬಂಡಿಗಳನ್ನು ಇಟ್ಟವನು. ಎತ್ತಿಗೆ ಹೊಡೆಯುವ ಬಾರುಕೋಲನ್ನು ಮನೆಯೊಳಗೂ ತರುವ ಜಾತಿಯ ಮನುಷ್ಯ. ಹಿರಿಯೂರಿನಲ್ಲಿ ಅವಳ ಅಣ್ಣ ಇದ್ದ. ಮಗಳನ್ನು ಕರೆದುಕೊಂಡು ಒಂದು ದಿನ ಅಲ್ಲಿಗೆ ಹೋಗಿಬಿಡುವುದು, ಅಣ್ಣನ ಹೆಂಡತಿಯ ಮುಂದೆ ಕೈಚಾಚದಷ್ಟು ದುಡ್ಡು ಕೂಡಿದ ಮೇಲೆ ಹೋಗುವುದು ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಇದು ಗೊತ್ತಿದ್ದದ್ದು ಅತ್ತೆಗೆ, ಆಮೇಲೆ ನನಗೆ. ಅವನಿಗೆ ಸುಳಿವು ಸಿಕ್ಕಿದ್ದರೆ ಅವಳನ್ನು ಉಳಿಸುತ್ತಿರಲಿಲ್ಲ.

ಜರ್ಮನಿಯ ಯುದ್ಧ ಎಳೆದುಕೊಂಡು ಹೋದಂತೆಲ್ಲ ಪೇಟೆಯಲ್ಲಿ ಬೆಳ್ಳಿ ರೂಪಾಯಿ ಕಾಣೆಯಾಗುತ್ತಾ ಬಂತು. ಅದರ ಬದಲು ಒಂದು ರೂಪಾಯಿಯ ಕಾಗದ ಬಂತು. ಎರಡೂವರೆ ರೂಪಾಯಿಯದೂ ಬಂದಾಗ ಅತ್ತೆ ನಕ್ಕರು, ಕಾಗದದ ಮೇಲೆ ಅರ್ಧ ರೂಪಾಯಿ ಬರೆಯುವುದಕ್ಕೆ ಖರ್ಚೇನು ಎಂದು. ಸಂತೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬೆಳ್ಳಿಯೆಲ್ಲ ಹಡಗು ಹತ್ತಿ ಹೋಯಿತಂತೆ, ರಾಜ ಸೋತರೆ ನೋಟು ಒಲೆಗೆ ಹಾಕಬೇಕಂತೆ, ನೋಟು ಬೇಡ ಎಂದ ಅಂಗಡಿಯವನನ್ನು ಜೈಲಿಗೆ ಹಾಕುತ್ತಾರಂತೆ. ಅಂಗಡಿಯಲ್ಲಿ ನೋಟು ಕೊಟ್ಟರೆ ತುಪ್ಪದ ಬೆಲೆಯೇ ಬೇರೆ, ಬೆಳ್ಳಿ ಕೊಟ್ಟರೆ ಬೇರೆ.

ಮಾವನವರು ಸಾಧು ಮನುಷ್ಯ, ಅಮಲ್ದಾರರ ಜವಾನನನ್ನು ಕಂಡರೂ ಎದ್ದು ನಿಲ್ಲುವವರು. ಅವರು ನೋಟು ತೆಗೆದುಕೊಂಡರು. ಒಂದು ಮಧ್ಯಾಹ್ನ ಒಂದನ್ನು ತಂದು ಅತ್ತೆಯ ಮುಂದೆ ಹಿಡಿದು, ಇದನ್ನು ತಂದವರಿಗೆ ರೂಪಾಯಿ ಕೊಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿದೆ ಎಂದು ವಿವರಿಸಿದರು. ಬೇಕಾದರೆ ಸೊಸೆಯ ಕೈಯಲ್ಲಿ ಓದಿಸು ಎಂದರು. ಅತ್ತೆ ನೋಟನ್ನು ಮುಟ್ಟಲಿಲ್ಲ.

"ಹಂಗಾದ್ರೆ ಇದು ರೂಪಾಯಿ ಅಲ್ಲ, ಸಾಲದ ಚೀಟಿ. ಸರ್ಕಾರಕ್ಕೆ ಸಾಲ ಕೊಡ್ತೀನಿ ಅಂತ ನಾನ್ಯಾವಾಗ ಅಂದೆ?" ಎಂದರು.

ಮಾವನವರು ನನ್ನ ಮುಖ ನೋಡಿದರು. ನೋಟನ್ನು ಅಂಗಡಿಗೇ ವಾಪಸು ಒಯ್ದರು. ಮುಂದಿನ ಸಲ ಅವರು ದುರ್ಗಕ್ಕೆ ಹೋದಾಗ ಖಜಾನೆಯಲ್ಲಿ ನಿಂತು ನೋಟಿಗೆ ಬೆಳ್ಳಿ ಕೇಳಿದರಂತೆ. ಇವತ್ತು ರೂಪಾಯಿ ಇಲ್ಲ, ಇನ್ನೊಂದು ದಿನ ಬನ್ನಿ ಎಂದರಂತೆ. ಅದನ್ನು ಮನೆಯಲ್ಲಿ ಹೇಳಬಾರದಿತ್ತು, ಹೇಳಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಸರ್ಕಾರ. ನೋಟು ಮಾವನವರ ಮರದ ಪೆಟ್ಟಿಗೆಯಲ್ಲಿ, ಬೆಳ್ಳಿ ಅತ್ತೆಯ ವಾಡೆಯಲ್ಲಿ. ಊಟ ಬಡಿಸುವಾಗಲೂ ಇಬ್ಬರಿಗೂ ಮಾತಿಲ್ಲ.

ಒಂದು ಸಂತೆಯ ದಿನ ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದಾವಣಗೆರೆಯಿಂದ ಬಂದ ಯಾರೋ, ಸರ್ಕಾರದವರು ಮನೆ ಮನೆಗೆ ಬಂದು ಬೆಳ್ಳಿ ಎಣಿಸಿಕೊಂಡು ಹೋಗುತ್ತಾರೆ, ಬದಲಿಗೆ ಕಾಗದ ಕೊಡುತ್ತಾರೆ ಎಂದು ಸಂತೆಯಲ್ಲಿ ಹೇಳಿದ್ದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಬಟ್ಟಲು. ಯಾರೂ ದುಡ್ಡಿನ ಮಾತೆತ್ತಲಿಲ್ಲ. ಹೆಪ್ಪು ಬೇಕಿತ್ತು, ಹೆಪ್ಪು ಬೇಕಿತ್ತು ಎಂದು ಮೆಲ್ಲಗೆ ಅನ್ನುತ್ತಾ ವಾಡೆಯ ಕಡೆ ನೋಡುತ್ತಿದ್ದರು. ಹೊರಗಿನಿಂದ ಯಾವ ಗಂಡಸು ನೋಡಿದರೂ, ಇಷ್ಟು ಜನಕ್ಕೆ ಒಂದೇ ಹೊತ್ತಿನಲ್ಲಿ ಮೊಸರು ಹೇಗೆ ಮುಗಿಯಿತು ಎಂದು ಕೇಳುವ ಹಾಗಿತ್ತು. ನನಗೆ ಹೆದರಿಕೆಯಾಗಿ ಮುಂಬಾಗಿಲು ಹಾಕಲು ಹೋದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ಬಾಗ್ಲು ಹಾಕಬ್ಯಾಡ. ಹಾಕಿದ್ರೆ ಇಲ್ಲ ಅಂದಂಗೆ ಆಗ್ತೈತೆ."

ಒಳಗೆ ಬಂದು ವಾಡೆಗೆ ಕೈ ಹಾಕಿ ಮೊದಲ ಗಂಟು ತೆಗೆದರು. ತೆಗೆದ ಕೈ ಹಾಗೇ ನಿಂತಿತು. ಗಂಟು ಹಗುರವಾಗಿತ್ತು. ಬಿಚ್ಚಿದರೆ ಮಡಿಸಿಟ್ಟ ನೋಟುಗಳು. ಇನ್ನೊಂದು ಬಿಚ್ಚಿದರು, ಅದೂ ಅಷ್ಟೇ. ನಾನು ಹಿತ್ತಿಲ ದಾರಿಯಿಂದ ಅಂಗಡಿಗೆ ಓಡಿ ಮಾವನವರನ್ನು ಕರೆತಂದೆ. ಅವರು ಮುಚ್ಚಿಡಲಿಲ್ಲ. ಬೆಳ್ಳಿ ರೂಪಾಯಿಗೆ ವಟ್ಟ ಎಂದು ಅದರ ಬೆಲೆಯ ಮೇಲೆ ಇಷ್ಟು ಹೆಚ್ಚು ಕೊಟ್ಟು ಕೊಳ್ಳುವ ವ್ಯಾಪಾರಿ ಬಂದಿದ್ದನಂತೆ. ಅತ್ತೆ ಮಠಕ್ಕೆ ಹೋಗಿದ್ದ ಹೊತ್ತಿನಲ್ಲಿ ಪ್ರತಿ ಗಂಟಿನಿಂದಲೂ ಬೆಳ್ಳಿ ತೆಗೆದು, ಅದರಲ್ಲಿದ್ದಷ್ಟೇ ನೋಟು ಇಟ್ಟು, ಹಾಗೇ ಗಂಟು ಹಾಕಿದ್ದರು. ಮೇಲೆ ಬಂದ ಲಾಭವನ್ನು ಅಂಗಡಿಗೆ ಹಾಕಿದ್ದರು. ಯಾರಿಗೂ ಮೋಸ ಮಾಡಿದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

"ಎಷ್ಟಿತ್ತೋ ಅಷ್ಟೇ ಐತಲ್ಲ," ಎಂದರು.

"ಏನಿತ್ತೋ ಅದಿಲ್ಲ," ಎಂದರು ಅತ್ತೆ.

ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಹೊರಗೆ ಗುಜುಗುಜು ಜೋರಾಗುತ್ತಿತ್ತು. ಒಬ್ಬಳಿಗೆ ನೋಟು ತೋರಿಸಿದರೆ ಸಾಕು, ಹಾಲು ಮಾರಿ ಕೂಡಿಸಿದ್ದು ಕಾಗದವಾಯಿತೆಂದು ಅವಳು ಬಾಯಿ ಬಡಿದುಕೊಳ್ಳುತ್ತಾಳೆ, ಗಂಡಸರು ಬರುತ್ತಾರೆ, ಎಲ್ಲರ ಗಂಟೂ ಬಯಲಾಗುತ್ತದೆ. ಪಕ್ಕದ ಮನೆಯವಳು ಕಂಬದ ಮರೆಯಲ್ಲಿ ನಿಂತಿದ್ದಳು. ಬಟ್ಟಲನ್ನು ಎದೆಗೆ ಒತ್ತಿಕೊಂಡು ಬೀದಿಯ ಕಡೆಯೇ ನೋಡುತ್ತಿದ್ದಳು.

ಅತ್ತೆ ಸೊಂಟದ ಬೆಳ್ಳಿ ಡಾಬನ್ನು ಬಿಚ್ಚಿದರು. ಕಾಲಿನ ಕಡಗ ಬಿಚ್ಚಿದರು. ಪೆಟ್ಟಿಗೆಯಿಂದ ಬೆಳ್ಳಿ ತಟ್ಟೆಯನ್ನೂ ಮೊಮ್ಮಗನಿಗೆಂದು ಮಾಡಿಸಿಟ್ಟಿದ್ದ ಉಡಿದಾರವನ್ನೂ ತೆಗೆದರು. ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ, ಆ ಉಡಿದಾರದ ವಿಷಯ ಅವತ್ತಿನವರೆಗೆ ನನಗೆ ಗೊತ್ತೂ ಇರಲಿಲ್ಲ. ಹಿಂದಿನ ಓಣಿಯ ಅಕ್ಕಸಾಲಿಯನ್ನು ಕತ್ತರಿ, ತಕ್ಕಡಿ ಸಮೇತ ಕರೆದು ತಾ ಎಂದು ನನ್ನನ್ನು ಕಳಿಸಿದರು. ಆ ಮುದುಕ ನಾಣ್ಯ ಕರಗಿಸಿದರೆ ಶಿಕ್ಷೆಯಂತೆ ಎಂದು ಬರಲು ಹಿಂದೇಟು ಹಾಕಿದ. ಕರಗಿಸುವುದಲ್ಲ, ಕತ್ತರಿಸುವುದು, ಅದೂ ಸ್ವಂತದ್ದು ಎಂದು ಕೈ ಹಿಡಿದು ಎಳೆದುಕೊಂಡೇ ಬಂದೆ.

ಪಡಸಾಲೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ತಕ್ಕಡಿ ಇಟ್ಟುಕೊಂಡು ಕುಳಿತರು. ಒಂದು ಕಡೆ ರೂಪಾಯಿ, ಇನ್ನೊಂದು ಕಡೆ ಡಾಬಿನ ತುಂಡು. ರೂಪಾಯಿ ಎಂದರೆ ಒಂದು ತೊಲ ಬೆಳ್ಳಿ ತಾನೇ, ಛಾಪು ಇದ್ದರೇನು ಇಲ್ಲದಿದ್ದರೇನು ಎಂದು ಅವರ ವಾದ. ಮೊದಲಿನವಳು ತನಗೆ ರೂಪಾಯಿಯೇ ಬೇಕು, ತುಂಡು ಬೇಡ ಎಂದು ಗೊಣಗಿದಳು.

"ರೂಪಾಯಿ ತಗಂಡೋದ್ರೆ ಸರ್ಕಾರದೋರು ಎಣಿಸ್ಕಂತಾರೆ ಅಂತ ಹೆದರಿಕಂಡು ಬಂದೀಯ. ಈ ತುಂಡು ಯಾರು ಎಣಿಸ್ತಾರೆ? ತೂಗಿ ನೋಡ್ಕ. ಕಡಿಮೆ ಬಿದ್ರೆ ನನ್ನ ಮುಖ ನೋಡಬ್ಯಾಡ," ಎಂದರು ಅತ್ತೆ.

ಅವಳು ತೂಗಿ ನೋಡಿಕೊಂಡು, ಬಟ್ಟಲಲ್ಲಿ ಹಾಕಿ ಮೇಲೆ ಮೊಸರು ಹಾಕಿಸಿಕೊಂಡು ಹೋದಳು. ಇನ್ನು ಕೆಲವರು ಹಾಗೇ ಹೋದರು. ಡಾಬು ಮುಗಿದು ಕಡಗ ಅರ್ಧಕ್ಕೆ ಬಂದಿತ್ತು. ಮುಂದೆ ತಟ್ಟೆ, ಉಡಿದಾರ, ಅದರಾಚೆ ಏನೂ ಇಲ್ಲ. ಅತ್ತೆ ಮಾತ್ರ ಮನೆತುಂಬ ಬೆಳ್ಳಿ ಇರುವವರ ಹಾಗೆ ಅವಸರವಿಲ್ಲದೆ ತೂಗುತ್ತಿದ್ದರು. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ, ಕೇಳಿದೋರಿಗೆಲ್ಲ ಕೊಡ್ತಾ ಅವಳೆ, ನಂದು ಎಲ್ಲಿಗೆ ಹೋಗ್ತೈತೆ, ಇರ್ಲಿ ಬಿಡ್ರಿ ಎಂದು ಬರೀ ಹೆಪ್ಪು ಹಾಕಿಸಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತಾ ಪಡಸಾಲೆ ತೆರವಾಯಿತು. ತಟ್ಟೆ, ಉಡಿದಾರ ಎರಡೂ ಉಳಿದವು.

ಕೊನೆಗೆ ಪಕ್ಕದ ಮನೆಯವಳು ಮುಂದೆ ಬಂದಳು. ಅವಳಿಗೆ ದುಡ್ಡನ್ನು ಇಲ್ಲೇ ಬಿಟ್ಟುಹೋಗಲು ಮನಸ್ಸಿಲ್ಲ, ಹೋಗಬೇಕೆಂದುಕೊಂಡ ದಿನ ಹತ್ತಿರ ಬಂದಿತ್ತು. ಅವಳ ಪಾಲು ತಕ್ಕಡಿಯಲ್ಲಿದ್ದಾಗ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

"ಆ ತಕ್ಕಡ್ಯಾಗಿರೋದು ಯಾರದ್ರಿ?"

"ನನ್ನ ಸೊಸೇದು," ಎಂದರು ಅತ್ತೆ. ತುಂಡುಗಳನ್ನು ಎತ್ತಿ ನನ್ನ ಸೆರಗಿಗೆ ಹಾಕಿದರು. ನಾನು ಗಂಟು ಹಾಕಿಕೊಂಡೆ.

ಅವನು ಒಳಗೆ ಬಂದ. ಹೆಂಡತಿಯ ಕಡೆ ನೋಡಲಿಲ್ಲ. "ದೊಡ್ಡೋರು ನೀವು. ಲಿಂಗ ಹಿಡಿದು ಹೇಳ್ರಿ, ನನ್ನ ಹೆಂಡ್ತಿದು ಒಂದು ಕಾಸೂ ಈ ಮನೇಲಿಲ್ಲ ಅಂತ. ನಾನು ಹೋಗ್ತೀನಿ."

ದಿನಾ ಮುಂಜಾನೆ ಪೂಜೆ ಮುಗಿಸದೆ ನೀರು ಮುಟ್ಟದ ಹೆಂಗಸು ಅವರು. ಮಕ್ಕಳು ಆಡುವಾಗ ಆಣೆ ಇಟ್ಟರೂ ಗದರಿಸುತ್ತಿದ್ದರು. ಇಲ್ಲ ಎನ್ನುವುದಕ್ಕೆ ಆಗುವುದಿಲ್ಲ, ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡೆ. ಅತ್ತೆ ಎದೆಯ ಮೇಲಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡರು. ಅವನ ಮುಖ ನೋಡಿ, ಅವಳದು ಒಂದು ಕಾಸೂ ಇಲ್ಲ ಎಂದರು. ಅವನು ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹೋದ. ಅವಳ ಬಟ್ಟಲಿಗೆ ನಾನು ಮೊಸರು ಹಾಕುವುದನ್ನು ಮರೆತಿರಲಿಲ್ಲ ಎಂಬುದೊಂದೇ ನನಗೆ ಸಮಾಧಾನ.

ಆಮೇಲೆ ಅತ್ತೆ ಬಹಳ ಹೊತ್ತು ತಕ್ಕಡಿಯ ಮುಂದೆಯೇ ಕುಳಿತಿದ್ದರು. ನಾನು ನೀರು ಕೊಟ್ಟರೆ ಕುಡಿಯಲಿಲ್ಲ. ಒಂದು ಜೀವ ಉಳಿಯಿತಲ್ಲ, ಶಿವ ಇದನ್ನು ತಪ್ಪೆಂದು ಎಣಿಸುವುದಿಲ್ಲ ಎಂದು ನನಗೆ ತಿಳಿದ ಹಾಗೆ ಸಮಾಧಾನ ಹೇಳಿದೆ.

"ನಿಂಗೆ ಗೊತ್ತಿಲ್ಲ ಸುಮ್ಕಿರು. ಖೋಟಾ ಅಂತ ಗೊತ್ತಿದ್ದೇ ಚಲಾಯಿಸೀನಿ," ಎಂದರು.

ಅವತ್ತಿನಿಂದ ಅವರ ಪೂಜೆ ಉದ್ದವಾಯಿತು, ಊಟ ಕಡಿಮೆಯಾಯಿತು. ಮಾವನವರ ಜೊತೆ ಮಾತಾಡಲು ಶುರು ಮಾಡಿದರು. ಅದು ಕ್ಷಮೆಯೋ ಸುಸ್ತೋ ನನಗೆ ತಿಳಿಯಲಿಲ್ಲ. ಮಾವನವರು ವಾಡೆಯಲ್ಲಿನ ನೋಟುಗಳಿಗೆ ಅಲ್ಲಿ ಇಲ್ಲಿ ಅಲೆದು, ವಟ್ಟ ತೆತ್ತು, ಸ್ವಲ್ಪ ಸ್ವಲ್ಪವಾಗಿ ಬೆಳ್ಳಿ ತಂದು ತುಂಬಿದರು. ಪಕ್ಕದ ಮನೆಯವಳಿಗೆ ನನ್ನ ಸೆರಗಿನ ಗಂಟನ್ನು ಬಿಚ್ಚಿ ಕೊಡಲು ಹೋದಾಗಲೆಲ್ಲ ಅವಳು ಈಗ ಬೇಡ, ಅವನ ಕಣ್ಣು ನನ್ನ ಮೇಲೇ ಐತೆ ಎಂದು ತಳ್ಳಿಬಿಡುತ್ತಿದ್ದಳು.

ಆ ವರ್ಷವೇ ಯುದ್ಧಜ್ವರ, ಆ ಇನ್‌ಫ್ಲುಯೆಂಜಾ, ಬಂದದ್ದು. ಕೇರಿಯಲ್ಲಿ ಹೆಣ ಹೊರಲು ಗಂಡಸರು ಸಾಲುತ್ತಿರಲಿಲ್ಲ. ಅತ್ತೆ ಮಲಗಿದವರು ಏಳಲಿಲ್ಲ. ಉಸಿರಿಗೆ ಕಷ್ಟಪಡುತ್ತಾ ಒಂದು ಬೆಳಗ್ಗೆ ನನ್ನನ್ನು ಹತ್ತಿರ ಕರೆದರು.

"ಅವತ್ತು ನಿನ್ನ ಸೆರಗಿಗೆ ಹಾಕಿದ್ನಲ್ಲ, ಅದು ನಿಂದು. ನಿಂಗೇ ಕೊಟ್ಟೀನಿ. ಪಕ್ಕದ ಮನೆಯವಳನ್ನೂ ಕೇಳೀನಿ, ಹೂಂ ಅಂದಾಳೆ. ಇನ್ನ ಅವಳದು ಅಂತ ಈ ಮನೇಲಿ ಏನೂ ಇಲ್ಲ. ನಿಂದನ್ನ ನೀನು ಯಾರಿಗೆ ಬೇಕಾದ್ರೂ ಕೊಟ್ಕ."

ನನಗೆ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲಿ ಆ ಬಡವೆಯ ದುಡ್ಡನ್ನು ಸೊಸೆಗೆ ಕಟ್ಟುತ್ತಾರಲ್ಲ, ಬೆಲ್ಲದ ಅಚ್ಚಿಗೆ ಬೀಗ ಹಾಕುವ ಬುದ್ಧಿ ಕೊನೆಗೂ ಹೋಗಲಿಲ್ಲವಲ್ಲ ಎಂದುಕೊಂಡೆ. ಜ್ವರದ ಮಾತೆಂದು ತಲೆಯಾಡಿಸಿದೆ. ಹೂಂ ಅನ್ನು ಎಂದರು, ಅಂದೆ. ಇನ್ನೊಂದು ಸಲ ಅನ್ನಿಸಿದರು. ಸಂಜೆಯೊಳಗೆ ಹೋದರು. ನಮ್ಮವರ ಪದ್ಧತಿಯಂತೆ ಕೂರಿಸಿ, ಆ ಲಿಂಗವನ್ನೇ ಎಡಗೈಯಲ್ಲಿಟ್ಟು ಮಣ್ಣು ಮಾಡಿದರು. ನನಗೆ ಅಳು ಬರಲಿಲ್ಲ.

ಯುದ್ಧ ನಿಂತಿತು. ರಾಜ ಸೋಲಲಿಲ್ಲ, ನೋಟು ಒಲೆಗೆ ಹೋಗಲಿಲ್ಲ. ಒಂದೆರಡು ವರ್ಷದಲ್ಲಿ ಜನ ನೋಟನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನೂ ಕಲಿತರು. ಮಾವನವರು ಹೇಳಿದ್ದೇ ಸರಿಯಾಗಿತ್ತು. ಆದರೆ ನೋಡಿದೆಯಾ ಎಂದು ಹೇಳಲು ಅವರಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಹೊಸ ನೋಟು ಕೈಗೆ ಬಂದಾಗಲೆಲ್ಲ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ಪೆಟ್ಟಿಗೆಗೆ ಹಾಕುತ್ತಿದ್ದರು.

ಪಕ್ಕದ ಮನೆಯವಳು ಹೋದದ್ದು ಅತ್ತೆಯ ತಿಂಗಳ ಕಾರ್ಯ ಮುಗಿದ ಮೇಲೆ. ಅವನು ಬಂಡಿ ಹೊಡೆದುಕೊಂಡು ಭೀಮಸಮುದ್ರಕ್ಕೆ ಹೋಗಿದ್ದ. ನಾನು ಸೆರಗಿನ ಗಂಟು ಬಿಚ್ಚಿ ಕೊಟ್ಟೆ, ನನ್ನ ತವರಿನದೂ ಸ್ವಲ್ಪ ಸೇರಿಸಿದೆ. ಮಗಳ ಕೈ ಹಿಡಿದುಕೊಂಡು ದುರ್ಗದ ದಾರಿಯ ಬಂಡಿ ಹತ್ತಿದಳು. ಅಲ್ಲಿಂದ ಹಿರಿಯೂರು.

ಮಾರನೆಯ ದಿನ ಅವನು ನಮ್ಮ ಬಾಗಿಲಿಗೆ ಬಂದ. ಮನೆಯಲ್ಲಿ ನಾನೊಬ್ಬಳೇ. ಕೈಯಲ್ಲಿ ಬಾರುಕೋಲಿತ್ತು. ನನ್ನ ದುಡ್ಡು ಕದ್ದು ಓಡಿದಳು ಎಂದು ಅಮಲ್ದಾರರ ಹತ್ತಿರ ದೂರು ಕೊಡುತ್ತೇನೆ, ಜವಾನರ ಕೈಯಲ್ಲಿ ಎಳೆಸಿಕೊಂಡು ಬರುತ್ತೇನೆ ಎಂದ. ದುಡ್ಡು ಈ ಮನೆಯಿಂದಲೇ ಹೋಗಿದೆ ಎಂದು ಸಾಬೀತಾದರೆ ಅವನಿಗೆ ಅಷ್ಟೇ ಸಾಕಿತ್ತು.

"ನಿಮ್ಮತ್ತೆ ಹೇಳಿದ್ದನ್ನ ನೀನೂ ಹೇಳು. ಅವಳದು ಅಂತ ನಿನ್ನ ಹತ್ರ ಏನೂ ಇರಲಿಲ್ಲ ಅಂತ. ಲಿಂಗ ಹಿಡ್ಕಂಡು ಹೇಳು."

ಮೇಷ್ಟರ ಮಗಳು ನಾನು, ಸುಳ್ಳು ಹೇಳಿದರೆ ಮುಖದಲ್ಲಿ ಕಾಣುತ್ತದೆ. ಅವನಿಗೆ ಅದು ಗೊತ್ತಿದ್ದೇ ಬಂದಿದ್ದ. ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿಟ್ಟುಕೊಂಡೆ. ಆಗ ಅತ್ತೆ ಎರಡು ಸಲ ಹೂಂ ಅನ್ನಿಸಿದ್ದು ಯಾತಕ್ಕೆ ಎಂದು ತಿಳಿಯಿತು. ಈ ಮನುಷ್ಯ ಒಂದು ದಿನ ಈ ಬಾಗಿಲಿಗೆ ಬಂದೇ ಬರುತ್ತಾನೆ, ಅವತ್ತು ಇಲ್ಲಿ ನಿಂತಿರುವವಳು ನಾನೇ ಎಂದು ಅವರಿಗೆ ಗೊತ್ತಿತ್ತು. ಸುಳ್ಳನ್ನು ತಾವು ಒಯ್ದು, ನಿಜ ಹೇಳುವ ದಾರಿಯನ್ನು ನನಗೆ ಬಿಟ್ಟುಹೋಗಿದ್ದರು.

"ಅವಳದು ಅಂತ ನನ್ನ ಹತ್ರ ಏನೂ ಇರಲಿಲ್ಲ. ಇದ್ದದ್ದೆಲ್ಲ ನಂದು," ಎಂದೆ.

ಅವನು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದ. ಏನೂ ಸಿಗಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದ. ನಾನು ಒಳಗೆ ಬಂದು ವಾಡೆಗೆ ಒರಗಿ ಕುಳಿತು, ಅತ್ತೆ ಸತ್ತು ತಿಂಗಳಾದ ಮೇಲೆ, ಮೊದಲ ಸಲ ಅವರಿಗಾಗಿ ಅತ್ತುಬಿಟ್ಟೆ.